ಕಾಕಾ ಸುಳ್ಳು ಹೇಳಿರಲಿಲ್ಲ

ಇವತ್ತಿನ ಕಥೆ ಖಾನಾಪುರ ತಾಲ್ಲೂಕಿನ ನಮ್ಮೂರು ಬೀಡಿಯಿಂದ ಶುರುವಾಗ್ತದೆ. ಬರ್ಲಿನ್, ಮಾಸ್ಕೋ, ಸಿಂಗಪುರ ಸುತ್ತಿ ವಾಪಸ್ ಇಲ್ಲಿಗೇ ಬರ್ತದೆ.

ನಮ್ಮ ಕಾಕಾ ವರ್ಷಗಟ್ಟಲೆ ಕುಡಿದವರು. 2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಸಾರಾಯಿ ಪ್ಯಾಕೆಟ್ ಹೋಯ್ತು, ಅವರ ಕೈಗೆ ಕ್ವಾರ್ಟರ್ ಬಾಟಲಿ ಬಂತು. ಊಟ ಮಾತ್ರ ಕಡಿಮೆಯಾಗ್ತಾ ಹೋಯ್ತು. ಒಂದಿನ ಕುಡಿಯದೇ ಇದ್ದಾಗಲೂ ತೂರಾಡಿದ್ರು. "ನಿಶೆ ಇಳದ್ರ ಸರಿಯಾಗ್ತಾರ" ಅಂತ ಮನೆಯವರೆಲ್ಲ ಸುಮ್ಮನಿದ್ವಿ. ಬೆಳಗಾವಿಯ ಆಸ್ಪತ್ರೆಗೆ ಒಯ್ಯೋವಷ್ಟರಲ್ಲಿ ತಡವಾಗಿತ್ತು.

ಎಂಟು ದಿನದಿಂದ ಹಾಸಿಗೆ ಬಿಟ್ಟು ಎದ್ದಿರದ ಕಾಕಾ, "ಮುಂಜಾನೆ ಖಾನಾಪುರ ಸಂತಿಗೆ ಹೋಗಿ ಬಂದೇನಿ" ಅಂದ್ರು. ಕಾಕು ಹಣೆ ಬಡಕೊಂಡಳು: "ಇಲ್ಲೂ ಸುಳ್ಳು ಹೇಳೂದು ಬಿಡಲಿಲ್ಲ ನೋಡು." ನಾನೂ ಹಾಗೇ ಅಂದುಕೊಂಡೆ.

1881ರಲ್ಲಿ ಬರ್ಲಿನ್‌ನ ವೈದ್ಯ ಕಾರ್ಲ್ ವೆರ್ನಿಕೆ ಮೂವರು ರೋಗಿಗಳ ಬಗ್ಗೆ ಬರೆದ. ಕಣ್ಣಿನ ಚಲನೆ ಕೆಟ್ಟಿದೆ, ನಡಿಗೆ ತಪ್ಪಿದೆ, ಬುದ್ಧಿಗೆ ಮಂಕು. ಇಬ್ಬರು ವಿಪರೀತ ಕುಡುಕರು. ಮೂರನೆಯವಳು ಆಸಿಡ್ ನುಂಗಿ, ಆಮೇಲೆ ಬಿಡದೇ ವಾಂತಿಯಾಗುತ್ತಿದ್ದ ಹೊಲಿಗೆ ಕೆಲಸದ ಯುವತಿ. ಮೂವರೂ ತೀರಿಕೊಂಡರು. 1887ರಿಂದ ಮಾಸ್ಕೋದ ಸೆರ್ಗೇಯ್ ಕೊರ್ಸಕೋವ್ ಇನ್ನೊಂದು ತೊಂದರೆಯನ್ನು ವಿವರಿಸಿದ: ಈಗ ನಡೆದದ್ದು ನೆನಪಿರಲ್ಲ, ಆ ಖಾಲಿ ಜಾಗಕ್ಕೆ ಮೆದುಳೇ ಕಥೆ ಹೆಣೆದು ತುಂಬುತ್ತದೆ. ರೋಗಿ ಅದನ್ನು ನಿಜವೆಂದೇ ನಂಬಿರುತ್ತಾನೆ.

ಕಾರಣ ಬರೀ ಹೆಂಡವೇ? ಉತ್ತರ ಸಿಕ್ಕಿದ್ದು ಯುದ್ಧಕೈದಿಗಳ ನಡುವೆ. 1942ರಲ್ಲಿ ಜಪಾನ್ ಸಿಂಗಪುರವನ್ನು ಗೆದ್ದಾಗ, ಚಾಂಗಿ ಶಿಬಿರದ ಸೈನಿಕರಿಗೆ ಪಾಲಿಶ್ ಮಾಡಿದ ಅಕ್ಕಿಯೇ ಮುಖ್ಯ ಆಹಾರ. ಕುಡಿಯಲು ಹೆಂಡವೆಲ್ಲಿ? ಆದರೂ ವೆರ್ನಿಕೆ ಹೇಳಿದ ಲಕ್ಷಣಗಳೇ ಬಂದವು. ಶಿಬಿರದ ವೈದ್ಯರು ಅಂಥ 52 ರೋಗಿಗಳ ವಿವರವನ್ನು 1947ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಕೊರತೆ ಇದ್ದದ್ದು ಥಯಾಮಿನ್, ಅಂದರೆ ವಿಟಮಿನ್ ಬಿ1. ಅದು ಅಕ್ಕಿಯ ತೌಡಿನಲ್ಲಿರ್ತದೆ.

ಸಕ್ಕರೆಯಿಂದ ಶಕ್ತಿ ತೆಗೆಯಲು ಮೆದುಳಿಗೆ ಈ ವಿಟಮಿನ್ ಬೇಕೇಬೇಕು. ದೇಹದಲ್ಲಿನ ದಾಸ್ತಾನು ಕೆಲವೇ ವಾರಕ್ಕೆ ಮುಗೀತದೆ. ಕುಡಿತ ಊಟವನ್ನು ತಪ್ಪಿಸ್ತದೆ, ತಿಂದದ್ದರಲ್ಲಿನ ಥಯಾಮಿನ್ ಕರುಳು ಹೀರದಂತೆಯೂ ಮಾಡ್ತದೆ. ಹಾಗಾಗಿ ಇಂಥ ರೋಗಿಗೆ ಬರೀ ಗ್ಲೂಕೋಸ್ ಏರಿಸಿದರೆ ಅಪಾಯ ಹೆಚ್ಚಬಹುದು, ಥಯಾಮಿನ್ ಇಂಜೆಕ್ಷನ್ ಜೊತೆಗೇ ಬೇಕು.

ಇಂಜೆಕ್ಷನ್ ನಂತರ ಕಾಕಾನ ಕಣ್ಣು ಸರಿಯಾಯ್ತು, ನಡಿಗೆ ಸುಧಾರಿಸಿತು. ನೆನಪು ಪೂರ್ತಿ ಬರಲಿಲ್ಲ. ಈಗಲೂ ಸಂತೆಗೆ ಹೋಗಿ ಬಂದ ಕಥೆ ಹೇಳ್ತಾರೆ. ಕಾಕು ಬೈಯಲ್ಲ, "ಏನೇನ್ ತಂದ್ರಿ?" ಅಂತ ಕೇಳ್ತಾಳೆ.

ನಿಮ್ಮ ಮನೇಲೂ ಕುಡಿಯುವವರು ಇದ್ದಕ್ಕಿದ್ದಂತೆ ತೂರಾಡಿದರೆ, ಗಲಿಬಿಲಿಗೊಂಡರೆ ನಿಶೆ ಇಳಿಯಲಿ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತುಂಬಾ ವರ್ಷ ಕುಡಿದವರನ್ನು ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ಬಿಡಿಸಲೂ ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಯಾರನ್ನ ಕೇಳೋದು ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.