ಒಡಲು ಬದಲಿಸುವ ಆಟ: ಪರಮಪದ ಪಟದಿಂದ ‘ಎಕ್ಲಿಪ್ಸ್ ಫೇಸ್’ವರೆಗೆ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ಅವರ ರಾಣಿಯರ ಭಕ್ತವಿಗ್ರಹಗಳಿವೆ. ಕೈಮುಗಿದು ನಿಂತಿರುವ ಈ ಅರಸರು ಮಣೆಯಾಟಗಳ ಲೋಕದಲ್ಲಿಯೂ ದೊಡ್ಡ ಹೆಸರು ಎಂಬುದು ದರ್ಶನಕ್ಕೆ ಬರುವ ಬಹುಮಂದಿಗೆ ತಿಳಿದಿರಲಾರದು. ದೇಹವನ್ನು ಕಳಚಿ ಆತ್ಮವು ಮುಂದೆ ಸಾಗುವ ಕಲ್ಪನೆಯನ್ನು ಆಟದ ಮನೆಗಳಲ್ಲಿ ಹಿಡಿದಿಡುವ ಪರಂಪರೆ ನಮ್ಮಲ್ಲಿ ಹಳೆಯದು. ಅದೇ ಕಲ್ಪನೆ ಬೇರೊಂದು ರೂಪದಲ್ಲಿ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಎಕ್ಲಿಪ್ಸ್ ಫೇಸ್’ ಎಂಬ ವೈಜ್ಞಾನಿಕ ಕಲ್ಪನೆಯ ಪಾತ್ರಾಭಿನಯ ಆಟದಲ್ಲಿ ಕಾಣಿಸಿಕೊಂಡಿತು. ಈ ಎರಡರ ಪರಿಚಯ ಇಲ್ಲಿದೆ.

ಪುಣ್ಯದ ಲೆಕ್ಕ

ಕಾವೇರಿ, ಕಪಿಲಾ ಮತ್ತು ಸ್ಫಟಿಕ ಸರೋವರಗಳ ಸಂಗಮವೆಂದು ಹೆಸರಾದ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಸ್ವಾಮಿಯ ಬೆರಳುಗಳ ನಡುವೆ ಗುಲಗಂಜಿಯೊಂದಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬುದು ಭಕ್ತರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದು ಇದೇ ಬೀಜದಿಂದ. ಪುಣ್ಯವನ್ನೂ ತೂಗಿ ಎಣಿಸಬಹುದೆಂಬ ಈ ಭಾವನೆಯೇ ಪರಮಪದ ಸೋಪಾನ ಪಟಕ್ಕೂ ಆಧಾರ.

ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ಈ ಪಟವನ್ನು ಹಾಸಿ ಆಡುವ ರೂಢಿ ಅನೇಕ ಮನೆಗಳಲ್ಲಿತ್ತು. ಕೆಳಗಿನ ಮನೆಗಳಿಂದ ಹೊರಟ ಕಾಯಿ ಸದ್ಗುಣದ ಏಣಿಗಳನ್ನು ಏರಿ, ದುರ್ಗುಣದ ಹಾವುಗಳ ಬಾಯಿಗೆ ಬಿದ್ದು, ನೀಚ ಜನ್ಮಗಳನ್ನೂ ದೇವಲೋಕಗಳನ್ನೂ ಹಾದು ಕೊನೆಗೆ ಪರಮಪದ ಸೇರಬೇಕು. ಉತ್ತರ ಭಾರತದಲ್ಲಿ ಇದೇ ಬಗೆಯ ಆಟಕ್ಕೆ ‘ಜ್ಞಾನ ಚೌಪಡ’ ಎಂದು ಹೆಸರು. ಅದರಲ್ಲಿ 72 ಮನೆಗಳ ವೈಷ್ಣವ ಪಟಗಳೂ 84 ಮನೆಗಳ ಜೈನ ಪಟಗಳೂ ಇವೆ. ವಸಾಹತು ಕಾಲದಲ್ಲಿ ಇಂಗ್ಲೆಂಡಿಗೆ ಹೋದ ಈ ಆಟ ಮೋಕ್ಷದ ಮನೆಯನ್ನು ಕಳೆದುಕೊಂಡು, ಬರೀ ‘ಹಾವು ಏಣಿ’ಯಾಗಿ ಮಕ್ಕಳ ಕೈಗೆ ಮರಳಿ ಬಂತು.

ಮುಮ್ಮಡಿಯವರ ಕೊಡುಗೆ

1794ರಲ್ಲಿ ಜನಿಸಿದ ಮುಮ್ಮಡಿಯವರು 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡರು. 1868ರಲ್ಲಿ ಕಾಲವಾಗುವವರೆಗೂ ಅರಸರು ಸಾಹಿತ್ಯ, ಚಿತ್ರಕಲೆ ಮತ್ತು ಕ್ರೀಡೆಗಳಿಗೆ ಆಶ್ರಯದಾತರಾಗಿದ್ದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ಅಲ್ಲಿ ಬರುವ ‘ಛದ’ ಎಂಬ ಗಂಜೀಫಾ ಎಲೆಯಾಟಗಳ ಪೈಕಿ ಕೃಷ್ಣರಾಜ ಛದಕ್ಕೆ ಬೇಕಾದ ಎಲೆಗಳು 360. ಚದುರಂಗದ ಕುದುರೆಯು ಒಮ್ಮೆ ಮುಟ್ಟಿದ ಮನೆಯನ್ನು ಮತ್ತೆ ಮುಟ್ಟದೆ ಇಡೀ ಹಾಸನ್ನು ಸುತ್ತಿಬರುವ ನಡೆಗಳನ್ನೂ ಅವರು ರಚಿಸಿದ್ದರು. ದೇವಿಯಲ್ಲಿ ಐಕ್ಯವಾಗುವುದನ್ನೇ ಗುರಿಯಾಗಿಸಿಕೊಂಡ ‘ದೇವೀ ಸಾಯುಜ್ಯ’ವೂ ಅವರ ಕಾಲದ ಆಟಗಳಲ್ಲಿ ಒಂದು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಪಟಗಳು ಚಿತ್ರಿತವಾಗಿವೆ.

ಅರಮನೆಯ ಹೊರಗೆ ಜನಸಾಮಾನ್ಯರ ಆಟ ಚೌಕಾಬಾರ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದೈದು ಮನೆ, ನಾಲ್ಕು ಕವಡೆ ಅಥವಾ ಒಂದು ಬದಿ ಉಜ್ಜಿದ ಹುಣಸೆಬೀಜ, ಕಾಯಿಗಳಿಗೆ ಬಳೆಚೂರು. ಇಲ್ಲಿಯೂ ಹೊಡೆತ ತಿಂದ ಕಾಯಿ ಸಾಯುತ್ತದೆ, ಮತ್ತೆ ಹುಟ್ಟಿ ಮೊದಲಿನಿಂದ ನಡೆಯುತ್ತದೆ.

ಪಾತ್ರಾಭಿನಯ ಆಟ ಎಂದರೇನು?

ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ಮಾತಿನಲ್ಲಿಯೇ ಒಂದು ಕಥೆಯನ್ನು ಕಟ್ಟುತ್ತಾ ಹೋಗುವುದು ಈ ಆಟದ ರೀತಿ. ಒಬ್ಬರು ಸೂತ್ರಧಾರರಾಗಿ ಸನ್ನಿವೇಶವನ್ನು ವಿವರಿಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಫಲಿತಾಂಶ ಅನಿಶ್ಚಿತವಾದಾಗ ದಾಳ ಉರುಳಿಸಲಾಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಪ್ರಕಾರಕ್ಕೆ ನಾಂದಿ ಹಾಡಿತು.

ವಿಜ್ಞಾನದ ನೆರವಿನಿಂದ ಮನುಷ್ಯ ತನ್ನ ದೇಹ ಹಾಗೂ ಬುದ್ಧಿಯ ಮಿತಿಗಳನ್ನು ಮೀರಬಹುದೆಂಬ ವಿಚಾರಧಾರೆಗೆ ಟ್ರಾನ್ಸ್‌ಹ್ಯೂಮನಿಸಂ ಎಂದು ಹೆಸರು. ಬ್ರಿಟಿಷ್ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರಲ್ಲಿ ಇದೇ ತಲೆಬರಹದ ಪ್ರಬಂಧ ಪ್ರಕಟಿಸಿದ್ದರು. 2002ರ ‘ಟ್ರಾನ್ಸ್‌ಹ್ಯೂಮನ್ ಸ್ಪೇಸ್’ ಎಂಬ ಆಟ ಈ ವಿಚಾರವನ್ನು ಮೇಜಿಗೆ ತಂದಿತು. ಏಳು ವರ್ಷಗಳ ಬಳಿಕ ಬಂದ ‘ಎಕ್ಲಿಪ್ಸ್ ಫೇಸ್’ ಅದನ್ನು ಭಯಾನಕ ರಸದೊಂದಿಗೆ ಬೆರೆಸಿತು.

ಎಕ್ಲಿಪ್ಸ್ ಫೇಸ್ ಲೋಕ

ರಾಬ್ ಬಾಯ್ಲ್ ಮತ್ತು ಬ್ರಿಯಾನ್ ಕ್ರಾಸ್ ಇದರ ಮೂಲ ರೂವಾರಿಗಳು. 2010ರಲ್ಲಿ ಅತ್ಯುತ್ತಮ ಪಾತ್ರಾಭಿನಯ ಆಟಕ್ಕೆ ನೀಡುವ ಒರಿಜಿನ್ಸ್ ಪ್ರಶಸ್ತಿ ಇದಕ್ಕೆ ಸಂದಿತು. ಎರಡನೆಯ ಆವೃತ್ತಿ 2019ರಲ್ಲಿ ಪ್ರಕಟವಾಯಿತು. ವೈರಸ್ ಜೀವಕೋಶದೊಳಗೆ ಹೊಕ್ಕ ಗಳಿಗೆಯಿಂದ ಹೊಸ ವೈರಸ್‌ಗಳು ಗೋಚರಿಸುವವರೆಗಿನ ಅವಧಿಗೆ ವಿಜ್ಞಾನಿಗಳು ‘ಎಕ್ಲಿಪ್ಸ್ ಫೇಸ್’ ಎನ್ನುತ್ತಾರೆ. ರೋಗ ತಗಲಿದೆ, ಆದರೆ ಕಣ್ಣಿಗೆ ಕಾಣುತ್ತಿಲ್ಲ ಎಂಬುದೇ ಶೀರ್ಷಿಕೆಯ ಧ್ವನಿ.

ಕಥೆಯಲ್ಲಿ ‘ಟೈಟನ್’ಗಳೆಂಬ ಕೃತಕ ಬುದ್ಧಿಶಕ್ತಿಗಳು ತಿರುಗಿಬಿದ್ದು ಭೂಮಿ ನಾಶವಾಗಿದೆ. ಮನುಕುಲದ ಬಹುಭಾಗ ಅಳಿದಿದೆ. ಈ ‘ಪತನ’ದ ಹತ್ತು ವರ್ಷಗಳ ನಂತರ ಅಳಿದುಳಿದವರು ಮಂಗಳ, ಚಂದ್ರ ಹಾಗೂ ಬಾಹ್ಯಾಕಾಶದ ನೆಲೆಗಳಲ್ಲಿ ಬದುಕುತ್ತಿದ್ದಾರೆ. ಆಟಗಾರರು ಸಾಮಾನ್ಯವಾಗಿ ‘ಫೈರ್‌ವಾಲ್’ ಎಂಬ ಗುಪ್ತ ಸಂಘಟನೆಯ ಸದಸ್ಯರು. ಉಳಿದ ಮನುಕುಲವನ್ನು ವಿನಾಶದಿಂದ ಕಾಯುವುದು ಅವರ ಹೊಣೆ.

ಪಾತ್ರಕ್ಕೆ ಎರಡು ಭಾಗ. ನೆನಪು, ಸ್ವಭಾವ, ಕೌಶಲಗಳು ಸೇರಿದ ಚೇತನಕ್ಕೆ ‘ಈಗೋ’ ಎಂದೂ ಅದು ನೆಲೆಸುವ ಒಡಲಿಗೆ ‘ಮಾರ್ಫ್’ ಎಂದೂ ಹೆಸರು. ಒಡಲು ಮಾಂಸದ್ದಿರಬಹುದು, ಯಂತ್ರದ್ದಿರಬಹುದು, ಆಕ್ಟೋಪಸ್‌ನದೂ ಇರಬಹುದು. ಕತ್ತಿನ ಬಳಿ ಅಳವಡಿಸಿದ ‘ಕಾರ್ಟಿಕಲ್ ಸ್ಟ್ಯಾಕ್’ ಮನಸ್ಸಿನ ಪ್ರತಿಯನ್ನು ದಾಖಲಿಸಿಡುತ್ತದೆ. ದೇಹ ಸತ್ತರೆ ಆ ಪ್ರತಿಯನ್ನು ಹೊಸ ದೇಹಕ್ಕೆ ತುಂಬಲಾಗುತ್ತದೆ. ಸ್ಟ್ಯಾಕ್ ಕಳೆದುಹೋದರೆ ಹಿಂದೆ ಉಳಿಸಿಟ್ಟ ಪ್ರತಿಯೇ ಗತಿ. ಅಲ್ಲಿಂದೀಚಿನ ನೆನಪು ಹೋದಂತೆಯೇ. ಪರಕಾಯ ಪ್ರವೇಶದ ಕಥೆಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ.

ನೂರರೊಳಗಿನ ಸಂಖ್ಯೆ ಕೊಡುವ ಎರಡು ದಶಮುಖ ದಾಳಗಳನ್ನು ಉರುಳಿಸಿದಾಗ ಬಂದ ಸಂಖ್ಯೆ ಪಾತ್ರದ ಕೌಶಲದ ಅಂಕವನ್ನು ಮೀರದಿದ್ದರೆ ಯತ್ನ ಸಫಲ. ಹೊಸ ಒಡಲಿಗೆ ಹೊಂದಿಕೊಳ್ಳುವುದಕ್ಕೂ ಮೊದಲ ಆವೃತ್ತಿಯಲ್ಲಿ ದಾಳದ ಪರೀಕ್ಷೆ ಇತ್ತು. ಸೋತರೆ ಕನ್ನಡಿಯಲ್ಲಿ ಕಾಣುವ ಮುಖ ತನ್ನದೆನಿಸದೆ ಮನಸ್ಸು ಕದಡುತ್ತದೆ.

ಒಡಲಿಗೂ ಬೆಲೆ

ಆಟದ ನಿಜವಾದ ಕಾಳಜಿ ಇರುವುದು ಇಲ್ಲಿ. ಭೂಮಿ ನಾಶವಾದಾಗ ಅಸಂಖ್ಯಾತರು ದೇಹವನ್ನು ಬಿಟ್ಟು ಮನಸ್ಸಿನ ಪ್ರತಿಯಾಗಿ ಮಾತ್ರ ಪಾರಾದರು. ಅವರಿಗೆ ಒಡಲು ಬೇಕೆಂದರೆ ಬೃಹತ್ ಕಂಪನಿಗಳಿಗೆ ಕರಾರು ಬರೆದುಕೊಟ್ಟು ವರ್ಷಗಟ್ಟಲೆ ದುಡಿಯಬೇಕು. ಸಿಗುವುದು ಬಹುಶಃ ಅಗ್ಗದ ತಗಡಿನ ಯಂತ್ರದೇಹ. ಅದನ್ನು ತೊಟ್ಟವರನ್ನು ಸಮಾಜ ಕೀಳಾಗಿ ಕಾಣುತ್ತದೆ. ಸಿರಿವಂತರು ಮಾತ್ರ ರೂಪವಂತ ದೇಹಗಳನ್ನು ಬಟ್ಟೆಯಂತೆ ಬದಲಿಸುತ್ತಾರೆ.

ಇದಕ್ಕೆ ಕನ್ನಡದಲ್ಲಿ ಬೇರೆ ಪದ ಹುಡುಕಬೇಕಿಲ್ಲ, ಇದು ಜೀತ. ಸಾಲಕ್ಕೆ ಪ್ರತಿಯಾಗಿ ಮೈಯನ್ನೇ ಒತ್ತೆಯಿಟ್ಟ ಪದ್ಧತಿಯನ್ನು ಭಾರತ 1976ರ ಕಾಯ್ದೆಯಿಂದ ನಿಷೇಧಿಸಿತು. ತಂತ್ರಜ್ಞಾನ ಸಾವನ್ನು ಗೆದ್ದರೂ ಹಂಚಿಕೆ ನ್ಯಾಯವಾಗಿರದಿದ್ದರೆ ಹಳೆಯ ಜೀತ ಹೊಸ ಹೆಸರಿನಲ್ಲಿ ಮರಳುತ್ತದೆಂಬ ಎಚ್ಚರಿಕೆ ಈ ಆಟದಲ್ಲಿದೆ.

ಎರಡು ಆಟಗಳ ಅಂತರವೂ ಇಲ್ಲಿ ಸ್ಪಷ್ಟವಾಗುತ್ತದೆ. ಪರಮಪದ ಪಟದಲ್ಲಿ ಅರಸನ ಕಾಯಿಗೂ ಆಳಿನ ಕಾಯಿಗೂ ಹಾವು ಒಂದೇ, ಏಣಿಯೂ ಒಂದೇ. ಆದರೆ ಅಲ್ಲಿ ಆಟಗಾರನಿಗೆ ಆಯ್ಕೆಯಿಲ್ಲ. ದಾಳ ಕರೆದಲ್ಲಿಗೆ ನಡೆಯಬೇಕು. ‘ಎಕ್ಲಿಪ್ಸ್ ಫೇಸ್’ನಲ್ಲಿ ಪ್ರತಿ ಹೆಜ್ಜೆಯೂ ಆಯ್ಕೆ, ಆದರೆ ಹೊರಡುವ ಮನೆ ಎಲ್ಲರಿಗೂ ಒಂದೇ ಅಲ್ಲ. ಒಂದರ ಗುರಿ ಒಡಲ ಬಂಧನದಿಂದ ಬಿಡುಗಡೆ. ಇನ್ನೊಂದರಲ್ಲಿ ಹೇಗಾದರೂ ಒಡಲೊಂದನ್ನು ಹಿಡಿದು ಉಳಿಯುವುದೇ ಹೋರಾಟ.

ಎಲ್ಲಿ ನೋಡಬಹುದು?

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ಆರಂಭಿಸಿದ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳು ಸಾಂಪ್ರದಾಯಿಕ ಮಣೆಯಾಟಗಳನ್ನು ಮತ್ತೆ ಜನರೆದುರಿಗೆ ತಂದಿವೆ. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ‘ಎಕ್ಲಿಪ್ಸ್ ಫೇಸ್’ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟವಾಗಿದೆ. ಲಾಭದ ಉದ್ದೇಶವಿಲ್ಲದೆ, ಮೂಲ ಕರ್ತೃಗಳನ್ನು ಹೆಸರಿಸಿ, ಅದೇ ನಿಬಂಧನೆಗಳಡಿ ಯಾರು ಬೇಕಾದರೂ ಅದನ್ನು ಹಂಚಬಹುದು, ಮಾರ್ಪಡಿಸಬಹುದು. ಕನ್ನಡಕ್ಕೆ ತರಲು ಉತ್ಸಾಹವಿರುವವರಿಗೆ ಪ್ರಕಾಶಕರ ಪ್ರತ್ಯೇಕ ಅನುಮತಿಯ ಅಗತ್ಯವಿಲ್ಲ.