ಶಿವನಸಮುದ್ರದ ಬೆಳಕೂ ವಿದ್ಯಾಲಯದ ಸ್ವಂತ ದೀಪವೂ

ಮಳವಳ್ಳಿ ತಾಲ್ಲೂಕಿನ ತೆಂಕಣ ಎಲ್ಲೆಯಲ್ಲಿ ಕಾವೇರಿಯು ಕವಲೊಡೆದು, ಗಗನಚುಕ್ಕಿ ಭರಚುಕ್ಕಿಗಳೆಂಬ ಹೆಸರಿನಿಂದ ಧುಮುಕುವುದನ್ನು ಕಾಣದ ಭಕ್ತರು ನಮ್ಮ ಪ್ರಾಂತದಲ್ಲಿ ವಿರಳರು. ಅಲ್ಲಿನ ವಿದ್ಯುದಾಗಾರದ ಸ್ಥಳವನ್ನು ಸುತ್ತಣ ಜನರು ಇಂದಿಗೂ 'ಬ್ಲಫ್' ಎಂದೇ ಕರೆಯುವರು. ಅದನ್ನು ನೋಡಿ ಬಂದವರು ಬಹುಮಂದಿ; ಅದರ ಚರಿತ್ರೆಯು ಕಲಿಸುವ ಪಾಠವನ್ನು ವಿಚಾರಿಸಿದವರು ಕೆಲಮಂದಿ. ಆ ಪಾಠವು ಇಂದಿನ ವಿದ್ಯಾಲಯಗಳಿಗೂ ವಿದ್ಯಾರ್ಥಿನಿಲಯಗಳಿಗೂ ಹೇಗೆ ಉಪಯುಕ್ತವೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶವು.

ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್‌ರವರು ಈ ಕಾರ್ಯಕ್ಕೆ ಕೈಹಾಕಿದರು. ಯೋಜನೆಯನ್ನು ರೂಪಿಸಿದವರು ಡಿ ಲೋಟ್ಬಿನಿಯರ್ ಎಂಬ ಇಂಜಿನಿಯರರು. ಅಮೆರಿಕದ ನಯಾಗರ ಜಲಪಾತದಿಂದ ಬಫಲೋ ನಗರಕ್ಕೆ ವಿದ್ಯುತ್ತು ಹರಿದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಆ ದೂರವು 30 ಮೈಲಿಗೂ ಕಡಿಮೆ. ಇಲ್ಲಿಯಾದರೋ ಕೋಲಾರದ ಚಿನ್ನದ ಗಣಿಗಳವರೆಗೆ ಸುಮಾರು 92 ಮೈಲಿ ತಂತಿಯನ್ನು ಎಳೆಯಬೇಕಾಗಿತ್ತು. 1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ಶಕ್ತಿಯು ಗಣಿಗಳನ್ನು ಮುಟ್ಟಿತು. ಆದರೆ ಶೇಷಾದ್ರಿ ಅಯ್ಯರ್‌ರವರು 1901ರ ಸೆಪ್ಟೆಂಬರಿನಲ್ಲಿಯೇ ದೈವಾಧೀನರಾಗಿದ್ದರು. ತಾವು ನೆಟ್ಟ ಮರದ ಫಲವನ್ನು ಅವರು ಕಾಣಲಿಲ್ಲ.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿ ಒಂದುಂಟು. ಆ ಮೊದಲ ವ್ಯವಸ್ಥೆಯು ಬೇರಾವುದರೊಡನೆಯೂ ಕೂಡಿರಲಿಲ್ಲ. ಒಂದು ನೀರಿನ ಮೂಲ, ಒಂದು ತಂತಿಯ ದಾರಿ, ಒಬ್ಬ ಗ್ರಾಹಕ: ಇಷ್ಟೇ ಅದರ ಸ್ವರೂಪವು. ಶಕ್ತಿಯು ಹುಟ್ಟಿದ್ದು ಮಳವಳ್ಳಿಯ ನೆಲದಲ್ಲಿ; ಮೊದಲು ಸಂದದ್ದು ದೂರದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ಅನಂತರ ಮೈಸೂರಿಗೂ ಆ ಭಾಗ್ಯವು ದೊರೆಯಿತು.

ಆದರೆ ಬೇಸಿಗೆಯಲ್ಲಿ ಹೊಳೆಯು ಬಡವಾದರೆ ಯಂತ್ರವೂ ಬಡವಾಗುವುದಷ್ಟೆ. ಮೂಲವಿದ್ದರೆ ಸಾಲದು, ಸಂಗ್ರಹವೂ ಬೇಕೆಂಬುದು ಬೇಗನೆ ವಿದಿತವಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವೆಲ್ಲ ಸಮನಾಗಿ ನೀರೊದಗಿಸುವುದೂ ಒಂದು. ಅದೇ ಕಟ್ಟೆಯ ನಾಲೆಯಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. 1940ರಲ್ಲಿ ಶಿಂಷಾಪುರದ ವಿದ್ಯುದಾಗಾರವೂ, 1948ರಲ್ಲಿ ಜೋಗದ್ದೂ ಸೇರಿದವು. ಹೀಗೆ ಬಿಡಿಬಿಡಿಯಾಗಿದ್ದ ತಂತಿಗಳು ಬೆಸೆದು ಬೆಸೆದು ಮಹಾಜಾಲವಾಯಿತು. 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವು ಉತ್ತರದೊಡನೆ ಕೂಡಿ ದೇಶವೆಲ್ಲ ಒಂದೇ ಜಾಲವಾಯಿತು.

ಮಹಾಜಾಲದ ಉಪಕಾರವು ಅಪಾರವೆಂಬುದು ನಿರ್ವಿವಾದವು. ಆದರೂ ಎಲ್ಲಿಯೋ ಒಂದು ಕಡೆ ಕೆಟ್ಟರೆ ಇನ್ನೆಲ್ಲಿಯೋ ಕತ್ತಲೆಯಾಗುವುದು ಅದರ ಸ್ವಭಾವ. ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಪರೀಕ್ಷೆಯ ಹಿಂದಿನ ರಾತ್ರಿ ದೀಪವಾರಿ, ಹತ್ತು ಮಂದಿ ಒಂದು ಲಾಂದ್ರದ ಸುತ್ತ ಕುಳಿತು ಶಬ್ದರೂಪಗಳನ್ನು ಒಪ್ಪಿಸಿದ್ದುಂಟು. ಹೊರಗೆ ಗದ್ದೆಯ ಬಯಲಿನ ಮೇಲೆ ದಪ್ಪ ತಂತಿಗಳು ಹಾದುಹೋಗುತ್ತಿದ್ದವು. ತಲೆಯ ಮೇಲೆ ಶಕ್ತಿಯು ಹರಿದ ಮಾತ್ರಕ್ಕೆ ಪುಸ್ತಕದ ಮೇಲೆ ಬೆಳಕು ಬೀಳಲಾರದೆಂಬುದನ್ನು ಅಂದೇ ಅರಿತೆವು.

ಇದಕ್ಕೆ ಪರಿಹಾರವಾಗಿ ಈಗ ವಿಶ್ವವಿದ್ಯಾಲಯಗಳ ಆವರಣಗಳಲ್ಲಿ 'ಮೈಕ್ರೋಗ್ರಿಡ್' ಎಂಬ ಕಿರುಜಾಲವು ಬಳಕೆಗೆ ಬರುತ್ತಿದೆ. ಮಾಳಿಗೆಯ ಮೇಲೆ ಸೋಲಾರ್ ಫಲಕಗಳನ್ನು ಹೊದಿಸಿದರೆ ಕಾರ್ಯವಾಯಿತೆಂದು ಅನೇಕರು ಭಾವಿಸುವರು. ಅದು ಸರಿಯಲ್ಲ. ಮಹಾಜಾಲಕ್ಕೆ ಕಟ್ಟಿದ ಸಾಧಾರಣ ಫಲಕಗಳು, ಊರಿನ ವಿದ್ಯುತ್ತು ನಿಂತೊಡನೆ, ಬಿಸಿಲಿದ್ದರೂ ತಾವೂ ನಿಲ್ಲುವುವು. ತಂತಿ ದುರಸ್ತಿ ಮಾಡುವವನಿಗೆ ಪ್ರಾಣಾಪಾಯವಾಗಬಾರದೆಂದು ಹಾಗೆ ನಿಯಮಿಸಿರುವರು. ಕಿರುಜಾಲದಲ್ಲಿ ಮೂರು ಅಂಗಗಳು ಅಧಿಕವಾಗಿರುವುವು. ಆವರಣವನ್ನು ಹೊರಜಾಲದಿಂದ ಬೇರ್ಪಡಿಸುವ ಸ್ವಿಚ್ಚು ಮೊದಲನೆಯದು; ಶಕ್ತಿಯನ್ನು ಕೂಡಿಡುವ ಬ್ಯಾಟರಿಯು ಎರಡನೆಯದು; ಓದುವ ಮನೆ, ಪ್ರಯೋಗಶಾಲೆ, ಕುಡಿಯುವ ನೀರಿನ ಪಂಪುಗಳಿಗೆ ಮೊದಲು ಕೊಟ್ಟು ಉಳಿದುದನ್ನು ತಡೆಹಿಡಿಯುವ ನಿಯಂತ್ರಕವು ಮೂರನೆಯದು. ಬ್ಯಾಟರಿಯೆಂದರೆ ಆವರಣದ ಕನ್ನಂಬಾಡಿ ಕಟ್ಟೆಯೆಂದು ತಿಳಿದರೆ ಸಾಕು.

2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಎಂಬ ಚಂಡಮಾರುತವು ಅಮೆರಿಕದ ಪೂರ್ವತೀರವನ್ನು ಕತ್ತಲೆಗೆ ತಳ್ಳಿದಾಗ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ಹೊರಜಾಲದಿಂದ ಬೇರ್ಪಟ್ಟು ತನ್ನ ಆವರಣವನ್ನು ತಾನೇ ಬೆಳಗಿಕೊಂಡಿತು. ಅಲ್ಲಿ ಮುಖ್ಯಾಧಾರವಾಗಿದ್ದುದು ಅನಿಲಯಂತ್ರವೆಂಬುದನ್ನು ಮರೆಯತಕ್ಕದ್ದಲ್ಲ. ಬಿಸಿಲನ್ನೇ ನಂಬುವವರು ಸಂಗ್ರಹವನ್ನು ಇನ್ನಷ್ಟು ಬಲಪಡಿಸಬೇಕಾಗುವುದು.

ನಮ್ಮ ಸೀಮೆಗೆ ಪ್ರಕೃತಿಯೇ ಒಂದು ಅನುಕೂಲವನ್ನು ಕಲ್ಪಿಸಿದೆ. ಮಳೆಗಾಲದಲ್ಲಿ ಮೋಡವು ಸೂರ್ಯನನ್ನು ಮರೆಸಿದಾಗ ಕಾವೇರಿಯು ತುಂಬುವಳು. ಬೇಸಿಗೆಯಲ್ಲಿ ಕಾವೇರಿಯು ಕೃಶಳಾದಾಗ ಸೂರ್ಯನು ಪ್ರಬಲನು. ಆದುದರಿಂದ ಕಿರುಜಾಲವು ಮಹಾಜಾಲಕ್ಕೆ ವಿರೋಧಿಯಲ್ಲ, ಕಿರಿಯ ಒಡಹುಟ್ಟು. ಹಗಲು ನಡೆಯುವ ಪಾಠ, ವಿಶಾಲವಾದ ಮಾಳಿಗೆ, ಒಂದೇ ಆಡಳಿತ: ಈ ಮೂರೂ ಕೂಡಿದ ವಿದ್ಯಾಲಯಗಳಿಗೆ ಇದು ವಿಶೇಷವಾಗಿ ಒಪ್ಪುವುದು. ಮಂಡ್ಯದಲ್ಲಿ 1962ರಿಂದ ಇಂಜಿನಿಯರಿಂಗ್ ಶಿಕ್ಷಣವು ನಡೆದುಬಂದಿರುವುದರಿಂದ, ಇದನ್ನು ನಡೆಸಬಲ್ಲ ತರುಣರಿಗೂ ಇಲ್ಲಿ ಕೊರತೆಯಿಲ್ಲ.

ಆದರೆ ಒಂದೆಚ್ಚರವು ಅವಶ್ಯಕ. ಫಲಕದ ಧೂಳನ್ನು ಒರೆಸುವವರಿಲ್ಲದಿದ್ದರೆ, ಬ್ಯಾಟರಿಯು ಸವೆದಾಗ ಹೊಸದಕ್ಕೆ ಹಣವನ್ನು ಮೊದಲೇ ಕೂಡಿಡದಿದ್ದರೆ, ಉದ್ಘಾಟನೆಯ ದೀಪವು ಮೂರೇ ವರ್ಷಗಳಲ್ಲಿ ನಂದೀತು. ಹೂಳು ತೆಗೆಯದ ಕೆರೆಯ ಗತಿಯನ್ನು ನಮ್ಮ ರೈತರು ಬಲ್ಲರು. ದೀಪವನ್ನು ದಾನಮಾಡುವುದು ಪುಣ್ಯವು. ಅದು ಆರದಂತೆ ಕಾಯುವವರನ್ನು ನಿಯಮಿಸುವುದು ಅದಕ್ಕಿಂತಲೂ ಮಿಗಿಲು. ಅಂದು ಬೆಳಕನ್ನು ಕಾಣದೆ ಹೋದ ದಿವಾನರು ಬೆಳಕಿನ ದಾರಿಯನ್ನು ಹಾಕಿಕೊಟ್ಟು ಹೋದರು. ಓದುವ ಮಕ್ಕಳು ಕತ್ತಲೆಯಲ್ಲಿ ಕೂರದಂತೆ ನಾವೂ ನಮ್ಮಿಂದಾದಷ್ಟು ಮಾಡುವುದು ಯುಕ್ತವೆಂದು ಭಾವಿಸಿ, ಈ ಸಂಗತಿಗಳನ್ನು ಸದ್ಭಕ್ತರ ಮುಂದಿಟ್ಟು ವಿರಮಿಸುತ್ತೇನೆ.