ಬೇಟೆಗಾರನ ಸೊಂಟದ ಆಯುಧ

ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿರುವ ಐಮಂಗಲವು ಮ್ಯಾಸಬೇಡರ ನಾಡಿಗೆ ಸೇರಿದ ಊರು. ಈ ಸಮುದಾಯದ ಸಾಂಸ್ಕೃತಿಕ ವೀರರಲ್ಲೊಬ್ಬನಾದ ಗಾದ್ರಿ ಪಾಲನಾಯಕನು ಹುಲಿಯೊಡನೆ ಹೋರಾಡಿ ಮಡಿದನೆಂದು ಮೌಖಿಕ ಪರಂಪರೆ ಹೇಳುತ್ತದೆ. ಅಡವಿಯಲ್ಲಿ ಬೇಟೆಗಾರನೇ ಬೇಟೆಯಾಗಬಹುದೆಂಬ ಅರಿವು ಈ ಕಥನದಲ್ಲಿದೆ. ಆದ್ದರಿಂದಲೇ ದೂರದ ಮಿಕಕ್ಕೆ ಬಿಲ್ಲು, ಮೈಮೇಲೆರಗಿದ ಮೃಗಕ್ಕೆ ಈಟಿ ಇಲ್ಲವೆ ಕತ್ತಿ ಬೇಕಾಗುತ್ತಿತ್ತು. ಆತ್ಮರಕ್ಷಣೆಗೆಂದು ಬೇಟೆಗಾರನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಪಿಸ್ತೂಲಿನ ಉದ್ದೇಶವೂ ಇದೇ.

ಬೇಟೆ, ರಕ್ಷಣೆ, ಬಂಡಾಯಗಳ ಆಯುಧಗಳಲ್ಲಿ ವಸಾಹತು ಆಡಳಿತವು ಭೇದವೆಣಿಸಲಿಲ್ಲ. 1857ರ ನಿಶ್ಶಸ್ತ್ರೀಕರಣ ಶಾಸನಕ್ಕೆ ಮಣಿದು ಆಯುಧ ಒಪ್ಪಿಸಲು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿರಾಕರಿಸಿದರು. ಸೈನ್ಯವು ಊರಿಗೆ ನುಗ್ಗಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಲ್ಲಿ ಆ ನೆನಪು ಉಳಿದಿದೆ. ಬೇಡನಿಗೆ ಆಯುಧವು ಅನ್ನವೂ ಹೌದು, ಮಾನವೂ ಹೌದು.

ಸ್ವತಂತ್ರ ಭಾರತದ ಕಾನೂನು ಈ ಭೇದವನ್ನು ಬೇರೊಂದು ಬಗೆಯಲ್ಲಿ ಗುರುತಿಸಿದೆ. 1959ರ ಆಯುಧ ಕಾಯಿದೆಯಂತೆ ಪಿಸ್ತೂಲಿಗೆ ಪರವಾನಗಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಅನುಸೂಚಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಮೃಗವನ್ನು ಕೊಲ್ಲುವುದು 11ನೆಯ ಕಲಮಿನ ಪ್ರಕಾರ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ಕಾಯಿದೆಯನ್ನು ಉಲ್ಲಂಘಿಸುತ್ತಿದ್ದವನಿಗೆ ಈ ವಿನಾಯಿತಿಯಿಲ್ಲ. ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಯ ಮೇಲೆ ಚಿರತೆ ಎರಗಿದರೆ ಅವನಿಗೆ ಕಾನೂನಿನ ಆಸರೆಯುಂಟು. ಕದ್ದು ಬೇಟೆಗೆ ಹೊರಟವನು ರಕ್ಷಣೆಗೆಂದು ಪಿಸ್ತೂಲು ಒಯ್ದರೂ ಆ ಆಸರೆ ದೊರೆಯದು. ಹಾಡಿನಲ್ಲಿ ವೀರನೆನಿಸಿದ ಬೇಟೆಗಾರನು ಕಾನೂನಿನಲ್ಲಿ ಅಪರಾಧಿಯಾದ ಈ ಪಲ್ಲಟವನ್ನು ಗಮನಿಸದೆ ಬೇಡರ ಚರಿತ್ರೆಯ ಅಧ್ಯಯನ ಪೂರ್ಣವಾಗದು.